‘ಅನ್‌ಲೈಕ್ಲಿ’ ಅಂದ್ರೆ ‘ಆಗೋದೇ ಇಲ್ಲ’ ಅಂತ ಅಲ್ಲ: ಹವಾಮಾನ ವರದಿಯಲ್ಲಿ ಬರೋ ಒಂದು ಇಂಗ್ಲಿಷ್ ಪದ ಓದೋದು ಹೇಗೆ

ಮೆಕ್ಕೆಜೋಳ ಕಟಾವು ಶುರುವಾಯ್ತು ಅಂದ್ರೆ ದಾವಣಗೆರೆ ಸುತ್ತಮುತ್ತ ಕಣ, ಅಂಗಳ, ರೋಡ್ ಸೈಡು ಎಲ್ಲಾ ಕಡೆ ಹಳದಿ ರಾಶಿನೇ. ಅದೇ ಹೊತ್ತಿಗೆ ಚಿತ್ತೆ ಮಳೆ, ಸ್ವಾತಿ ಮಳೆ ಅಂತ ಒಂದರ ಹಿಂದೆ ಒಂದು ಕಾಯ್ಕೊಂಡು ಕೂತಿರ್ತವೆ, ಹಂಗಾಗಿ ಈಗ ಎಲ್ಲರೂ ಮೋಡ ನೋಡೋದಕ್ಕಿಂತ ಮೊದಲು ಮೊಬೈಲ್ ನೋಡ್ತಾರೆ. ಆಪ್‌ನಲ್ಲಿ ‘ರೈನ್ ಅನ್‌ಲೈಕ್ಲಿ’ ಅಂತ ಒಂದು ಸಾಲು ಇರ್ತದೆ, ಅದರ ಸ್ಕ್ರೀನ್‌ಶಾಟ್ ತೆಗೆದು ಒಬ್ರು ಗ್ರೂಪಿಗೆ ಹಾಕ್ತಾರೆ, ಇನ್ನೊಬ್ರು ಅದಕ್ಕೆ ಕನ್ನಡದಲ್ಲಿ ‘ಮಳೆ ಕಡಿಮೆ’ ಅಂತ ಬರೀತಾರೆ, ಮೂರನೇ ಗ್ರೂಪಿಗೆ ಹೋಗೋಷ್ಟರಲ್ಲಿ ಅದು ‘ಮಳೆ ಇಲ್ಲ, ಧೈರ್ಯವಾಗಿ ಒಣಗಿಸ್ರಿ’ ಅಂತ ಆಗಿರ್ತದೆ. ಆಮೇಲೆ ರಾತ್ರಿ ಮಳೆ ಬಂದು ರಾಶಿ ನೆಂದ್ರೆ ಬೈಗುಳ ಹವಾಮಾನ ಇಲಾಖೆಗೆ.

ಇಲಾಖೆಯ ಅಂದಾಜು ಕೆಲವು ಸಲ ನಿಜವಾಗ್ಲೂ ತಪ್ಪಿರ್ತದೆ, ಅದು ಬೇರೆ ಮಾತು. ಆದ್ರೆ ತುಂಬಾ ಸಲ ಅಂದಾಜು ಸರಿಯಾಗೇ ಇರ್ತದೆ, ಪದದ ಅರ್ಥ ದಾರಿಯಲ್ಲಿ ಬದಲಾಗಿರ್ತದೆ. ಈ ಪದ ಮಳೆಗೆ ಅಷ್ಟೇ ಅಲ್ಲ, ಸ್ಕ್ಯಾನಿಂಗ್ ರಿಪೋರ್ಟಲ್ಲಿ, ಮಾತ್ರೆ ಜೊತೆ ಬರೋ ಚೀಟಿಯಲ್ಲಿ, ಕೆಲಸಕ್ಕೆ ಅರ್ಜಿ ಹಾಕಿದ್ಮೇಲೆ ಬರೋ ಮೇಲ್‌ನಲ್ಲಿ ಕೂಡ ಬರ್ತದೆ, ಹಂಗಾಗಿ ಬುಡದಿಂದ ನೋಡೋಣ.

ಪದದ ಒಳಗೆ ಏನಿದೆ

ಲೈಕ್ ಅಂದ ತಕ್ಷಣ ನಮಗೆ ಇಷ್ಟ, ಹೆಬ್ಬೆರಳು, ಫೇಸ್‌ಬುಕ್ ನೆನಪಾಗ್ತದೆ. ಅದಕ್ಕೆ ಎಷ್ಟೋ ಮಕ್ಕಳು ಅನ್‌ಲೈಕ್ಲಿ ಅಂದ್ರೆ ‘ಇಷ್ಟ ಇಲ್ಲದ್ದು’ ಅಂತ ಬರೆದು ಮಾರ್ಕ್ಸ್ ಕಳ್ಕೊಳ್ತಾರೆ. ಇಲ್ಲಿರೋದು ಆ ಲೈಕ್ ಅಲ್ಲ. ಇಂಗ್ಲಿಷ್‌ನಲ್ಲಿ ಲೈಕ್ ಅನ್ನೋದಕ್ಕೆ ‘ಹಾಗೆ, ಹಂಗೆ’ ಅನ್ನೋ ಅರ್ಥನೂ ಇದೆ, ಲೈಕ್ಲಿ ಬಂದಿರೋದು ಆ ಕಡೆಯಿಂದ. ಹಳೇ ನಾರ್ಸ್ ಅನ್ನೋ ಸ್ಕ್ಯಾಂಡಿನೇವಿಯಾದ ಭಾಷೆಯಿಂದ ಇಂಗ್ಲಿಷಿಗೆ ಬಂದು ಸೇರಿದ ಪದ ಇದು, ಮೂಲ ಭಾವ ‘ಹಾಗೆ ಕಾಣುವಂಥದ್ದು’ ಅಂತ.

ನಮ್ಮ ಮಾತಲ್ಲೂ ಇದೇ ದಾರಿ ಇದೆ ನೋಡಿ. ಚಳ್ಳಕೆರೆ ಕಡೆ ಒಬ್ಬ ರೈತ ಪಡುವಣ ಮೋಡ ನೋಡಿ ‘ಮಳೆ ಬರೋ ಹಂಗೈತೆ’ ಅಂತಾನೆ, ಅದು ಲೈಕ್ಲಿ. ‘ಬರೋ ಹಂಗೆ ಕಾಣಲ್ಲಪ್ಪ’ ಅಂತಾನೆ, ಅದು ಅನ್‌ಲೈಕ್ಲಿ. ಅವನು ಬರೋದೇ ಇಲ್ಲ ಅಂತ ಆಣೆ ಮಾಡಿಲ್ಲ, ಈಗ ಕಾಣೋ ಗುರುತು ನೋಡಿದ್ರೆ ಬರೋ ಹಂಗಿಲ್ಲ ಅಂತ ಅಷ್ಟೇ ಹೇಳಿದಾನೆ.

ಡಿಕ್ಷನರಿ ತೆಗೆದ್ರೆ ಈ ಪದಕ್ಕೆ ‘ಅಸಂಭವ’ ಅಂತ ಸಿಗ್ತದೆ. ನನಗೆ ಅನ್ಸೋದು ಅಲ್ಲೇ ಅರ್ಧ ಗೊಂದಲ ಶುರುವಾಗೋದು, ಯಾಕಂದ್ರೆ ಅಸಂಭವ ಅಂತ ಕೇಳಿದವರು ‘ಸಾಧ್ಯನೇ ಇಲ್ಲ’ ಅಂತ ತಗೋತಾರೆ. ಅದಕ್ಕಿಂತ ಹತ್ತಿರದ ರೂಪ ನಮ್ಮ ಕ್ರಿಯಾಪದದಲ್ಲೇ ಇದೆ. ‘ಬರಲ್ಲ’ ಅನ್ನೋದು ಬೇರೆ, ‘ಬರ್ಲಿಕ್ಕಿಲ್ಲ’ ಅನ್ನೋದು ಬೇರೆ. ‘ಅವರು ಮದುವೆಗೆ ಬರಲ್ಲ’ ಅಂದ್ರೆ ವಿಷಯ ಮುಗೀತು, ಎಲೆ ಹಾಕೋ ಹಂಗಿಲ್ಲ. ‘ಅವರು ಮದುವೆಗೆ ಬರ್ಲಿಕ್ಕಿಲ್ಲ’ ಅಂದ್ರೆ ಬರೋದು ಡೌಟು, ಆದ್ರೂ ಬಂದ್ರೆ ಊಟಕ್ಕೆ ಕಡಿಮೆ ಬೀಳಬಾರದು ಅಂತ ಮನೆಯವರು ಲೆಕ್ಕ ಹಾಕ್ಕೊಂಡಿರ್ತಾರೆ. ಅನ್‌ಲೈಕ್ಲಿ ಅಂದ್ರೆ ಈ ಬರ್ಲಿಕ್ಕಿಲ್ಲ. ಅಷ್ಟು ಚೆನ್ನಾಗಿರೋ ರೂಪ ಇಟ್ಕೊಂಡು ಗ್ರೂಪುಗಳಲ್ಲಿ ಬರೆಯುವಾಗ ‘ಮಳೆ ಇಲ್ಲ’ ಅಂತ ಬರೆಯೋದು ಯಾಕೋ ಗೊತ್ತಿಲ್ಲ.

ಎಷ್ಟು ಕಡಿಮೆ ಅಂದ್ರೆ ಅನ್‌ಲೈಕ್ಲಿ?

ಇದು ಲೇಖನದ ಮುಖ್ಯ ಭಾಗ, ಸ್ವಲ್ಪ ನಿಧಾನಕ್ಕೆ ಓದ್ರಿ.

ದಿನದ ಮಾತಲ್ಲಿ ಅನ್‌ಲೈಕ್ಲಿಗೆ ಇಂತಿಷ್ಟೇ ಅಂತ ಅಳತೆ ಇಲ್ಲ. ಆದ್ರೆ ಭಾರತೀಯ ಹವಾಮಾನ ಇಲಾಖೆ ಬುಲೆಟಿನ್ ಬರೆಯುವಾಗ ಇದಕ್ಕೆ ನಂಬರ್ ಕಟ್ಟಿದೆ. ಆಗೋ ಸಾಧ್ಯತೆ ಶೇ 25ಕ್ಕಿಂತ ಕಡಿಮೆ ಇದ್ರೆ ಅನ್‌ಲೈಕ್ಲಿ, 25ರಿಂದ 50ರವರೆಗೆ ಲೈಕ್ಲಿ, 50ರಿಂದ 75ರವರೆಗೆ ವೆರಿ ಲೈಕ್ಲಿ, 75ಕ್ಕಿಂತ ಜಾಸ್ತಿ ಇದ್ರೆ ಮೋಸ್ಟ್ ಲೈಕ್ಲಿ.

ಇದರಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೇದು, ಶೇ 25ಕ್ಕಿಂತ ಕಡಿಮೆ ಅಂದ್ರೆ ಅದರೊಳಗೆ 2ನೂ ಬರ್ತದೆ, 22ನೂ ಬರ್ತದೆ. ಶೇ 22 ಅನ್ನೋದು ಸಣ್ಣದಲ್ಲ. ನಾಲ್ಕೈದು ಶೇಂಗಾ ಕಾಯಿ ಒಡೆದ್ರೆ ಅದರಲ್ಲಿ ಒಂದು ಜೊಳ್ಳು ಇರ್ತದೆ ಅಂತ ಇಟ್ಕೊಳ್ಳಿ, ಕೈಗೆ ಸಿಕ್ಕಿದ ಒಂದು ಕಾಯಿ ಜೊಳ್ಳಾಗಿರೋದು ಅನ್‌ಲೈಕ್ಲಿನೇ, ಆದ್ರೆ ಜೊಳ್ಳು ಸಿಕ್ತು ಅಂತ ಯಾರೂ ಆಶ್ಚರ್ಯ ಪಡಲ್ಲ, ಎಸೆದು ಇನ್ನೊಂದು ಒಡೀತಾರೆ. ಎರಡನೇದು, ಇಲಾಖೆಯ ‘ಲೈಕ್ಲಿ’ ಶೇ 25ಕ್ಕೇ ಶುರುವಾಗ್ತದೆ. ಸಾಮಾನ್ಯ ಇಂಗ್ಲಿಷ್‌ನಲ್ಲಿ ಲೈಕ್ಲಿ ಅಂದ್ರೆ ಅರ್ಧಕ್ಕಿಂತ ಜಾಸ್ತಿ ಅಂತ ಜನ ತಗೋತಾರೆ, ಇಲ್ಲಿ ಮಾತ್ರ ‘ರೈನ್ ಲೈಕ್ಲಿ’ ಅಂತ ಇದ್ದಾಗ್ಲೂ ಬರದೇ ಇರೋ ಸಾಧ್ಯತೆನೇ ಜಾಸ್ತಿ ಇರಬಹುದು. ಲೈಕ್ಲಿ ಅಂತ ಹಾಕಿದ್ರು, ಒಂದು ಹನಿನೂ ಬೀಳ್ಲಿಲ್ಲ ಅಂತ ಜಗಳೂರು, ಮೊಳಕಾಲ್ಮೂರು ಕಡೆ ಜನ ಬೇಜಾರಾಗೋದಕ್ಕೆ ಇದೂ ಒಂದು ಕಾರಣ.

ಒಂದೇ ಪದ, ಬೇರೆ ಬೇರೆ ಅಳತೆ

ಇನ್ನೂ ಒಂದು ತೊಡಕು ಇದೆ. ಇದೇ ಪದಕ್ಕೆ ಬೇರೆ ಕಡೆ ಬೇರೆ ನಂಬರ್. ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ಕಡೆಯಿಂದ ವರದಿ ಕೊಡೋ ಐಪಿಸಿಸಿ ಅಂತ ಸಮಿತಿ ಇದೆ, ಅವರಲ್ಲಿ ಅನ್‌ಲೈಕ್ಲಿ ಅಂದ್ರೆ ಶೇ 33ರವರೆಗೆ, ವೆರಿ ಅನ್‌ಲೈಕ್ಲಿ ಅಂದ್ರೆ 10ರವರೆಗೆ, ಎಕ್ಸೆಪ್ಷನಲಿ ಅನ್‌ಲೈಕ್ಲಿ ಅಂದ್ರೆ ಶೇ 1ರವರೆಗೆ ಮಾತ್ರ. ಅವರ ಲೈಕ್ಲಿ ಶುರುವಾಗೋದೇ 66ರಿಂದ. ಬ್ರಿಟನ್‌ನ ಗುಪ್ತಚರ ವರದಿಗಳಲ್ಲಿ ಅನ್‌ಲೈಕ್ಲಿ ಅಂದ್ರೆ ಶೇ 25ರಿಂದ 35, 10ರಿಂದ 20 ಇದ್ರೆ ಹೈಲಿ ಅನ್‌ಲೈಕ್ಲಿ ಅಂತ ಬೇರೆ ಹೆಸರು. ಅಂದ್ರೆ ನಮ್ಮ ಇಲಾಖೆ ಲೈಕ್ಲಿ ಅಂತ ಕರೆಯೋ ಶೇ 30ನ್ನ ಲಂಡನ್‌ನಲ್ಲಿ ಕೂತವರು ಅನ್‌ಲೈಕ್ಲಿ ಅಂತ ಬರೀತಾರೆ. ಯಾರದ್ದೂ ತಪ್ಪಲ್ಲ, ಅವರವರ ಕೆಲಸಕ್ಕೆ ಅವರವರ ಅಳತೆ, ಆದ್ರೆ ಓದೋರಿಗೆ ಇದು ಗೊತ್ತಿರಬೇಕು.

ಪದಕ್ಕೆ ನಂಬರ್ ಕಟ್ಟೋ ಅಭ್ಯಾಸ ಬಂದಿದ್ದರ ಹಿಂದೆ ಒಂದು ಕಥೆ ಇದೆ. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯವರು ಯುಗೊಸ್ಲಾವಿಯಾ ಮೇಲೆ ಆ ವರ್ಷ ದಾಳಿ ಆಗೋದನ್ನ ‘ಸೀರಿಯಸ್ ಪಾಸಿಬಿಲಿಟಿ’ ಅಂತ ಪರಿಗಣಿಸಬೇಕು ಅಂತ ಒಂದು ವರದಿ ಬರೆದ್ರು. ಅದನ್ನ ತಯಾರು ಮಾಡಿದವರಲ್ಲಿ ಶೆರ್ಮನ್ ಕೆಂಟ್ ಅನ್ನೋರು ಒಬ್ರು. ವಿದೇಶಾಂಗ ಇಲಾಖೆಯ ಒಬ್ಬ ಅಧಿಕಾರಿ ಅವರನ್ನ ‘ಅಂದ್ರೆ ಎಷ್ಟು?’ ಅಂತ ಕೇಳಿದಾಗ ಕೆಂಟ್ ‘ನೂರಕ್ಕೆ 65 ಆಗ್ತದೆ ಅಂತ’ ಅಂದ್ರು, ಕೇಳಿದ ಅಧಿಕಾರಿಗೆ ಗಾಬರಿ ಆಯ್ತು, ಅವರು ತುಂಬಾ ಕಡಿಮೆ ಅಂದ್ಕೊಂಡಿದ್ರು. ಕೆಂಟ್ ವಾಪಸ್ ಬಂದು ತಮ್ಮ ಜೊತೆ ಅದೇ ವರದಿ ಒಪ್ಪಿ ಸಹಿ ಹಾಕಿದವರನ್ನೇ ಕೇಳಿದ್ರು, ಒಬ್ರು 80 ಅಂದ್ರು, ಇನ್ನೊಬ್ರು 20 ಅಂದ್ರು. ಒಂದೇ ಟೇಬಲ್ ಸುತ್ತ ಕೂತು ಒಂದೇ ಪದಕ್ಕೆ ತಲೆ ಆಡಿಸಿದವರ ಮನಸ್ಸಲ್ಲಿ ಇಷ್ಟು ಅಂತರ. 1964ರಲ್ಲಿ ಕೆಂಟ್ ಇದನ್ನೆಲ್ಲ ಬರೆದು, ಇಂಥ ಪದಕ್ಕೆ ಇಂಥ ನಂಬರ್ ಅಂತ ಒಂದು ಪಟ್ಟಿ ಕೊಟ್ರು, ‘ಪ್ರಾಬಬ್ಲಿ ನಾಟ್’ ಅನ್ನೋದಕ್ಕೆ ಅವರು ಕೊಟ್ಟಿದ್ದು ಸುಮಾರು 30. ದೇಶ ನಡೆಸೋರ ನಡುವೆನೇ ಹಿಂಗಾದ್ರೆ ವಾಟ್ಸಾಪ್ ಗ್ರೂಪಲ್ಲಿ ಗೊಂದಲ ಆಗೋದು ದೊಡ್ಡ ಮಾತಲ್ಲ.

ಈ ಪರ್ಸೆಂಟ್ ಎಲ್ಲಿಂದ ಬರ್ತದೆ

‘ಯಾರೋ ಎಸಿ ರೂಮಲ್ಲಿ ಕೂತು ಶೇ 20 ಅಂತ ಹಾಕ್ತಾರೆ’ ಅಂತ ಅನ್ಕೊಂಡವರು ಬಹಳ ಜನ ಇದಾರೆ. ಹಂಗಲ್ಲ. ಈಗಿನ ಗಾಳಿ, ತೇವ, ಒತ್ತಡ, ಬಿಸಿ ಎಲ್ಲಾ ಕಂಪ್ಯೂಟರಿಗೆ ಕೊಟ್ಟು ಮುಂದಿನ ದಿನಗಳ ಲೆಕ್ಕ ಹಾಕ್ತಾರೆ. ಆದ್ರೆ ಈಗಿನ ಅಳತೆಗಳೇ ಪೂರ್ತಿ ಕರೆಕ್ಟ್ ಇರಲ್ಲ, ಎಲ್ಲಾ ಹಳ್ಳಿಯಲ್ಲೂ ಉಪಕರಣ ಇಲ್ಲ, ಮೇಲಿನ ಆಕಾಶದಲ್ಲಂತೂ ಇನ್ನೂ ಕಡಿಮೆ. ಶುರುವಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ನಾಲ್ಕು ದಿನ ಕಳೆಯೋಷ್ಟರಲ್ಲಿ ಮೋಡ ಹಿರಿಯೂರಿನ ಬದಲು ಹೊಳಲ್ಕೆರೆ ಮೇಲೆ ಹೋಗಿರ್ತದೆ.

ಅದಕ್ಕೆ ಒಂದೇ ಸಲ ಲೆಕ್ಕ ಹಾಕದೆ, ಶುರುವಿನ ಅಳತೆನ ಸ್ವಲ್ಪ ಸ್ವಲ್ಪ ಬದಲಾಯಿಸಿ ಹಲವು ಸಲ ಹಾಕ್ತಾರೆ. 2018ರ ಜೂನ್‌ನಿಂದ ನಮ್ಮ ದೇಶದಲ್ಲಿ 12 ಕಿಲೋಮೀಟರ್ ಅಂತರದ ಚೌಕಗಳಲ್ಲಿ ಹಿಂಗೆ 21 ಲೆಕ್ಕಗಳನ್ನ ಜೊತೆಯಾಗಿ ಓಡಿಸೋ ವ್ಯವಸ್ಥೆ ಬಂತು. ಆ 21ರಲ್ಲಿ 4 ಲೆಕ್ಕ ದಾವಣಗೆರೆ ಮೇಲೆ ಮಳೆ ತೋರಿಸಿ ಉಳಿದ 17 ಒಣಹವೆ ತೋರಿಸಿದ್ರೆ ಸಾಧ್ಯತೆ ಹೆಚ್ಚುಕಡಿಮೆ ಶೇ 19, ಅಂದ್ರೆ ಅನ್‌ಲೈಕ್ಲಿ. ಅದರ ಮೇಲೆ ಅನುಭವ ಇರೋ ಅಧಿಕಾರಿಗಳು ರಾಡಾರ್, ಉಪಗ್ರಹದ ಚಿತ್ರ, ಬೇರೆ ಮಾಡೆಲ್‌ಗಳನ್ನೆಲ್ಲ ನೋಡಿ ತೀರ್ಮಾನ ಮಾಡ್ತಾರೆ.

ಆ ನಾಲ್ಕು ಲೆಕ್ಕ ಸುಳ್ಳಲ್ಲ ಅನ್ನೋದು ಇಲ್ಲಿ ಮುಖ್ಯ. ಅವೂ ಆಗಬಹುದಾದ ನಾಳೆಗಳೇ. ಯಾವ ನಾಳೆ ಬರ್ತದೆ ಅಂತ ಇವತ್ತಿಗೆ ಗೊತ್ತಿಲ್ಲ ಅಷ್ಟೇ.

ಹಂಗಾದ್ರೆ ಅಂದಾಜು ಸರಿ ಇತ್ತೋ ತಪ್ಪೋ ಅಂತ ಗೊತ್ತಾಗೋದು ಹೆಂಗೆ? ಒಂದು ದಿನ ನೋಡಿದ್ರೆ ಗೊತ್ತಾಗಲ್ಲ. ಶೇ 20 ಅಂತ ಹೇಳಿದ ನೂರು ದಿನಗಳನ್ನ ಒಟ್ಟು ಹಾಕಿ ನೋಡಬೇಕು, ಅದರಲ್ಲಿ ಸುಮಾರು 20 ದಿನ ಮಳೆ ಬಂದಿದ್ರೆ ಅಂದಾಜು ಚೆನ್ನಾಗಿದೆ ಅಂತ ಅರ್ಥ. ನೂರರಲ್ಲಿ ಒಂದು ದಿನನೂ ಮಳೆ ಬಂದಿಲ್ಲ ಅಂದ್ರೆ ಆಗ್ಲೂ ಅಂದಾಜು ತಪ್ಪೇ, ಯಾಕಂದ್ರೆ 20 ಅಂತ ಹೇಳೋ ಬದಲು ಸೊನ್ನೆ ಅಂತ ಹೇಳಬೇಕಿತ್ತು. ಅನ್‌ಲೈಕ್ಲಿ ಅಂತ ಹೇಳಿದ ದಿನಗಳಲ್ಲಿ ಆಗಾಗ ಮಳೆ ಬರಲೇಬೇಕು, ಇಲ್ಲಾಂದ್ರೆ ಆ ಪದ ತಪ್ಪಾಗಿ ಬಳಸಿದಾರೆ ಅಂತ ಅರ್ಥ.

ಏನು ಅನ್‌ಲೈಕ್ಲಿ ಅಂತ ಹಿಂದಿನ ಪದ ನೋಡ್ರಿ

ತುಂಬಾ ಜನ ಎಡವೋದು ಇಲ್ಲಿ. ‘ಹೆವಿ ರೈನ್ ಅನ್‌ಲೈಕ್ಲಿ’ ಅಂತ ಇದ್ರೆ ಅನ್‌ಲೈಕ್ಲಿ ಆಗಿರೋದು ಹೆವಿ ರೈನ್ ಮಾತ್ರ, ಮಳೆ ಅಲ್ಲ. ಇಲಾಖೆಯ ಲೆಕ್ಕದಲ್ಲಿ ಹೆವಿ ಅಂದ್ರೆ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಬೇಕು, 115.6ರಿಂದ ಮೇಲೆ ವೆರಿ ಹೆವಿ, 204.4 ದಾಟಿದ್ರೆ ಎಕ್ಸ್‌ಟ್ರೀಮ್ಲಿ ಹೆವಿ. ಅಂದ್ರೆ 60 ಮಿಲಿಮೀಟರ್ ಮಳೆ ಬಿದ್ದು ಕಣದಲ್ಲಿ ನೀರು ನಿಂತ್ರೂ ಅದು ಮಾಡರೇಟ್ ಮಳೆ, ‘ಹೆವಿ ಅನ್‌ಲೈಕ್ಲಿ’ ಅಂತ ಹೇಳಿದವರ ಮಾತು ಸುಳ್ಳಾಗಿಲ್ಲ. ನಮ್ಮ ಬಯಲುಸೀಮೆಯಲ್ಲಿ ಒಣಗಿಸೋಕೆ ಹಾಕಿದ ಈರುಳ್ಳಿ ಕೆಡೋಕೆ 60 ಬೇಡ, ಅದರ ಕಾಲು ಭಾಗ ಸಾಕು.

ಜಾಗದ ಲೆಕ್ಕನೂ ಹಂಗೇ. ಬುಲೆಟಿನ್‌ನಲ್ಲಿ ‘ಐಸೊಲೇಟೆಡ್’ ಅಂತ ಇದ್ರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ ಮಳೆ, ‘ಸ್ಕ್ಯಾಟರ್ಡ್’ ಅಂದ್ರೆ 26ರಿಂದ 50, ‘ಫೇರ್ಲಿ ವೈಡ್‌ಸ್ಪ್ರೆಡ್’ 51ರಿಂದ 75, ಅದರ ಮೇಲೆ ‘ವೈಡ್‌ಸ್ಪ್ರೆಡ್’. ಇದು ಎಷ್ಟು ಜಾಗದಲ್ಲಿ ಅನ್ನೋ ಲೆಕ್ಕ, ಆಗ್ತದೋ ಇಲ್ವೋ ಅನ್ನೋ ಲೆಕ್ಕ ಅಲ್ಲ. ಎರಡೂ ಒಂದೇ ಸಾಲಲ್ಲಿ ಬಂದಾಗ ಬಿಡಿಸಿ ಓದಬೇಕು: ‘ಐಸೊಲೇಟೆಡ್ ರೈನ್ ವೆರಿ ಲೈಕ್ಲಿ’ ಅಂದ್ರೆ ಎಲ್ಲೋ ಕೆಲವು ಕಡೆ ಬರೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, ಆದ್ರೆ ಆ ‘ಎಲ್ಲೋ’ ನಿಮ್ಮೂರೇ ಆಗಿರೋದು ಅನ್‌ಲೈಕ್ಲಿ.

ಇನ್ನೊಂದು ಸಣ್ಣ ವಿಷಯ, ಇಲಾಖೆಯ ಮಳೆ ದಿನ ಮುಗಿಯೋದು ಬೆಳಿಗ್ಗೆ 8.30ಕ್ಕೆ, ನಡುರಾತ್ರಿ 12ಕ್ಕಲ್ಲ.

ದಿನದಿನಾ ಅನ್‌ಲೈಕ್ಲಿ, ವಾರಕ್ಕೆ ಬಂದ್ರೆ ಬೇರೆ ಕಥೆ

ಮೆಕ್ಕೆಜೋಳ ಒಂದೇ ದಿನಕ್ಕೆ ಒಣಗಲ್ಲ. ಐದು ದಿನ ಬಿಸಿಲು ಬೇಕು ಅಂತ ಇಟ್ಕೊಳ್ಳೋಣ, ಐದೂ ದಿನಕ್ಕೆ ಮಳೆ ಸಾಧ್ಯತೆ ಶೇ 20 ಅಂತ ಇದೆ, ಐದು ಸಾಲಲ್ಲೂ ಅನ್‌ಲೈಕ್ಲಿ, ಅನ್‌ಲೈಕ್ಲಿ ಅಂತ ನೋಡಿ ಮನಸ್ಸಿಗೆ ಸಮಾಧಾನ ಆಗ್ತದೆ. ಈಗ ಲೆಕ್ಕ ಹಾಕ್ರಿ. ಒಂದು ದಿನ ಒಣಗಿರೋ ಸಾಧ್ಯತೆ ಶೇ 80. ಐದೂ ದಿನ ಒಣಗಿರಬೇಕು ಅಂದ್ರೆ 0.8ನ್ನ ಐದು ಸಲ ಗುಣಿಸಬೇಕು, ಬರೋದು ಸುಮಾರು 0.33. ಅಂದ್ರೆ ಐದು ದಿನದಲ್ಲಿ ಒಂದಾದ್ರೂ ದಿನ ಮಳೆ ಬರೋ ಸಾಧ್ಯತೆ ಶೇ 67! ದಿನಕ್ಕೆ ಶೇ 10 ಅಂತ ಇಟ್ಕೊಂಡು ಏಳು ದಿನಕ್ಕೆ ಲೆಕ್ಕ ಹಾಕಿದ್ರೂ ಅರ್ಧ ದಾಟ್ತದೆ, ಶೇ 52.

ಒಂದು ದಿನದ ಮಳೆಗೂ ಇನ್ನೊಂದು ದಿನದ ಮಳೆಗೂ ಸಂಬಂಧ ಇಲ್ಲ ಅಂತ ಇಟ್ಕೊಂಡು ಮಾಡಿದ ಲೆಕ್ಕ ಇದು. ನಿಜವಾದ ಹವೆಯಲ್ಲಿ ಸಂಬಂಧ ಇರ್ತದೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದ್ರೆ ಮೂರು ದಿನ ಒಟ್ಟಿಗೇ ಹಿಡ್ಕೊಳ್ತದೆ, ಇಲ್ಲಾಂದ್ರೆ ವಾರಪೂರ್ತಿ ಬಿಸಿಲು, ಹಂಗಾಗಿ ನಿಜವಾದ ನಂಬರ್ ಸ್ವಲ್ಪ ಕಡಿಮೆ ಆಗಬಹುದು. ಆದ್ರೆ ಬಿಡಿಬಿಡಿಯಾಗಿ ಅನ್‌ಲೈಕ್ಲಿ ಆಗಿರೋದು ಒಟ್ಟು ಸೇರಿದಾಗ ಲೈಕ್ಲಿ ಆಗ್ತದೆ ಅನ್ನೋದು ಬದಲಾಗಲ್ಲ. ‘ನೂರು ವರ್ಷಕ್ಕೊಮ್ಮೆ ಬರೋ ಪ್ರವಾಹ’ ಅಂತಾರಲ್ಲ, ಅದರ ಅರ್ಥ ಪ್ರತಿ ವರ್ಷ ಶೇ 1 ಸಾಧ್ಯತೆ ಅಂತ, ಒಂದು ಸಲ ಬಂದ್ರೆ ಇನ್ನು ನೂರು ವರ್ಷ ರಜೆ ಅಂತ ಅಲ್ಲ. 30 ವರ್ಷಕ್ಕೆ ಲೆಕ್ಕ ಹಾಕಿದ್ರೆ ಒಂದು ಸಲನಾದ್ರೂ ಬರೋ ಸಾಧ್ಯತೆ ಶೇ 26.

ವಾಣಿವಿಲಾಸ ಸಾಗರದ ಕೋಡಿ

ಹಿರಿಯೂರು ಕಡೆಯವರಿಗೆ ಇದನ್ನ ಬೇರೆ ಹೇಳ್ಕೊಡೋದು ಬೇಡ. ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ, ಹಳಬರ ಬಾಯಲ್ಲಿ ಮಾರಿಕಣಿವೆ, 1898ರಲ್ಲಿ ಶುರುವಾಗಿ 1907ರಲ್ಲಿ ಮುಗೀತು. 130 ಅಡಿ ತುಂಬಿ ಕೋಡಿ ಬಿದ್ದಿದ್ದು 1933ರಲ್ಲಿ. ಆಮೇಲೆ ತಲೆಮಾರುಗಳೇ ಕಳೆದುಹೋದ್ವು, ‘ಮಾರಿಕಣಿವೆ ಕೋಡಿ ಬೀಳೋದು ನಾವು ನೋಡ್ಲಿಕ್ಕಿಲ್ಲ’ ಅಂತ ಅಂದ್ಕೊಂಡೇ ಎಷ್ಟೋ ಜನ ಹಿರಿಯರು ಹೋಗಿಬಿಟ್ರು. 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷ ಆದ್ಮೇಲೆ, ಕೋಡಿ ಬಿತ್ತು, ಜನ ಜಾತ್ರೆ ಥರ ನೋಡೋಕೆ ಹೋದ್ರು. ಮತ್ತೆ 2025ರ ಜನವರಿಯಲ್ಲಿ ಇನ್ನೊಂದು ಸಲ.

89 ವರ್ಷ ಆಗದೇ ಇದ್ದಿದ್ದು ಮೂರು ವರ್ಷದೊಳಗೆ ಎರಡು ಸಲ ಆಗಿದ್ದಕ್ಕೆ ಬರೀ ಅದೃಷ್ಟ ಕಾರಣ ಅಲ್ಲ. 2022ರಲ್ಲಿ ಮಳೆ ಚೆನ್ನಾಗಿ ಹಿಡೀತು, ಅದರ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಈ ಕಡೆ ಬರೋಕೆ ಶುರುವಾಗಿತ್ತು. ಪರಿಸ್ಥಿತಿನೇ ಬದಲಾಯ್ತು, ಹಂಗಾಗಿ ಹಳೇ ಅನ್‌ಲೈಕ್ಲಿ ಕೂಡ ಬದಲಾಯ್ತು. ಈ ಪದ ಯಾವಾಗ್ಲೂ ‘ಈಗ ನಮಗೆ ಗೊತ್ತಿರೋ ಪ್ರಕಾರ’ ಅನ್ನೋದಕ್ಕೆ ಅಂಟ್ಕೊಂಡೇ ಇರ್ತದೆ. ಬೆಳಿಗ್ಗೆ ಅನ್‌ಲೈಕ್ಲಿ ಅಂತ ಇದ್ದಿದ್ದು ಸಂಜೆ ಬುಲೆಟಿನ್‌ನಲ್ಲಿ ಲೈಕ್ಲಿ ಆದ್ರೆ ಮಾತು ಬದಲಾಯಿಸಿದ್ರು ಅಂತ ಸಿಟ್ಟಾಗಬೇಕಿಲ್ಲ, ಹೊಸ ಮಾಹಿತಿ ಬಂದಿದೆ ಅಂತ ಅರ್ಥ. ಅದಕ್ಕೆ ನಿನ್ನೆಯ ಸ್ಕ್ರೀನ್‌ಶಾಟ್ ಇವತ್ತು ಫಾರ್ವರ್ಡ್ ಮಾಡಬಾರದು.

ಕಡಿಮೆ ಸಾಧ್ಯತೆ, ದೊಡ್ಡ ನಷ್ಟ

ಅನ್‌ಲೈಕ್ಲಿ ಅಂತ ಗೊತ್ತಾದ್ಮೇಲೆ ಏನು ಮಾಡಬೇಕು ಅನ್ನೋದು ಪದದಲ್ಲಿ ಇಲ್ಲ, ಆದ್ರೆ ಆಗೋ ನಷ್ಟ ಎಷ್ಟು ಅನ್ನೋದರಲ್ಲಿ ಇದೆ. ಬಟ್ಟೆ ಒಣಗಿಸೋಕೆ ಹಾಕೋರಿಗೆ ಶೇ 20 ಲೆಕ್ಕಕ್ಕಿಲ್ಲ, ನೆಂದ್ರೆ ಮತ್ತೆ ಒಣಗ್ತವೆ. ಅದೇ ಶೇ 20 ಇಡೀ ಬೆಳೆ ಕಣದಲ್ಲಿ ಹಾಕಿರೋರಿಗೆ ತಾಡಪಾಲು ಹತ್ತಿರ ಇಟ್ಕೊಳ್ಳೋಕೆ ಸಾಕಾಗೋಷ್ಟು ಕಾರಣ. ಬೆಳೆ ವಿಮೆ ಇರೋದೂ ಇದೇ ಲೆಕ್ಕದ ಮೇಲೆ, ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತರು ಕಟ್ಟೋದು ವಿಮಾ ಮೊತ್ತದ ಹೆಚ್ಚೆಂದ್ರೆ ಶೇ 2, ಉಳಿದಿದ್ದು ಸರ್ಕಾರಗಳು ಕಟ್ತವೆ.

ದಾವಣಗೆರೆಗೆ ಸುತ್ತಲಿನ ಜಿಲ್ಲೆಗಳಿಂದೆಲ್ಲ ಜನ ಆಸ್ಪತ್ರೆಗೆ ಬರ್ತಾರೆ, ಕೈಯಲ್ಲಿ ಇಂಗ್ಲಿಷ್ ರಿಪೋರ್ಟ್ ಹಿಡ್ಕೊಂಡು ಹೊರಗೆ ಕೂತು ಮೊಬೈಲಲ್ಲಿ ಒಂದೊಂದೇ ಪದ ಹುಡುಕ್ತಿರ್ತಾರೆ. ಅಲ್ಲಿ ‘ಮ್ಯಾಲಿಗ್ನನ್ಸಿ ಅನ್‌ಲೈಕ್ಲಿ’ ಅಂತ ಇದ್ರೆ ಕ್ಯಾನ್ಸರ್ ಇರೋ ಹಂಗೆ ಕಾಣಲ್ಲ ಅಂತ, ಒಳ್ಳೇ ಸುದ್ದಿನೇ. ಆದ್ರೆ ಡಾಕ್ಟರು ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದ್ರೆ ಅದನ್ನ ಬಿಡಬಾರದು. ಸ್ತನದ ಸ್ಕ್ಯಾನಿಂಗ್‌ನಲ್ಲಿ ಬೈರಾಡ್ಸ್ ಅಂತ ಒಂದು ಶ್ರೇಣಿ ಇದೆ, ಅದರಲ್ಲಿ 3 ಅಂತ ಬಂದ್ರೆ ಕ್ಯಾನ್ಸರ್ ಆಗಿರೋ ಸಾಧ್ಯತೆ ಶೇ 2 ಅಥವಾ ಅದಕ್ಕೂ ಕಡಿಮೆ, ಅಷ್ಟಕ್ಕೂ ಸಾಮಾನ್ಯವಾಗಿ ಆರು ತಿಂಗಳಿಗೆ ಮರುಪರೀಕ್ಷೆ ಹೇಳ್ತಾರೆ. ಶೇ 98 ಸಮಾಧಾನ, ಶೇ 2ಕ್ಕೆ ಮರುಪರೀಕ್ಷೆ, ಎರಡೂ ಒಂದೇ ಮಾತಿನ ಒಳಗೆ ಇರೋದು. ಮಾತ್ರೆಗಳ ಅಡ್ಡಪರಿಣಾಮದ ಚೀಟಿಯಲ್ಲಿ ಬರೋ ‘ಅನ್‌ಕಾಮನ್’, ‘ರೇರ್’ ಅನ್ನೋದಕ್ಕೂ ಯುರೋಪಿನ ಪದ್ಧತಿಯಲ್ಲಿ ಅಳತೆ ಇದೆ: ಅನ್‌ಕಾಮನ್ ಅಂದ್ರೆ ನೂರು ಜನಕ್ಕೆ ಒಬ್ಬರಿಗಿಂತ ಕಡಿಮೆ, ಸಾವಿರಕ್ಕೆ ಒಬ್ಬರಾದ್ರೂ, ರೇರ್ ಅಂದ್ರೆ ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ, ಹತ್ತು ಸಾವಿರಕ್ಕೆ ಒಬ್ಬರಾದ್ರೂ.

ವಿಮಾನದಲ್ಲಿ ಕೂತವರು ‘ಇನ್ ದಿ ಅನ್‌ಲೈಕ್ಲಿ ಈವೆಂಟ್ ಆಫ್’ ಅಂತ ಶುರುವಾಗೋ ಸೂಚನೆ ಕೇಳಿರ್ತಾರೆ, ‘ಆಗ್ಲಿಕ್ಕಿಲ್ಲ, ಅಕಸ್ಮಾತ್ ಆದ್ರೆ’ ಅಂತ. 2009ರ ಜನವರಿ 15ಕ್ಕೆ ನ್ಯೂಯಾರ್ಕ್‌ನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಕೆಟ್ಟ ವಿಮಾನ ಹಡ್ಸನ್ ನದಿ ಮೇಲೆ ಇಳೀತು, ಒಳಗಿದ್ದ 155 ಜನನೂ ಬದುಕಿದ್ರು.

ವಾಕ್ಯದಲ್ಲಿ ಬಳಸೋದು

ಕೊನೆಯಲ್ಲಿ ‘ಲಿ’ ಇದೆ ಅಂತ ಇದನ್ನ ಕ್ರಿಯಾವಿಶೇಷಣ ಅಂದ್ಕೊಂಡು ‘ಹಿ ವಿಲ್ ಅನ್‌ಲೈಕ್ಲಿ ಕಮ್’ ಅಂತ ಬರೆಯೋದು ಸಾಮಾನ್ಯ. ಹಂಗೆ ಬರೆಯಬಾರದು. ಫ್ರೆಂಡ್ಲಿ, ಲೋನ್ಲಿ ಥರ ಇದೂ ವಿಶೇಷಣ, ಹಂಗಾಗಿ ಇದಕ್ಕಿಂತ ಮೊದಲು ಈಸ್, ಆರ್, ಆಮ್, ವಾಸ್ ಇಂಥದ್ದೊಂದು ಬೇಕು. ‘ಹಿ ಈಸ್ ಅನ್‌ಲೈಕ್ಲಿ ಟು ಕಮ್’ ಅಂತ ಬರೀರಿ, ಇಲ್ಲಾಂದ್ರೆ ‘ಇಟ್ ಈಸ್ ಅನ್‌ಲೈಕ್ಲಿ ದಟ್ ಹಿ ವಿಲ್ ಕಮ್’. ಎರಡೂ ಒಂದೇ, ಮೊದಲನೇದು ಚಿಕ್ಕದು. ‘ರೈನ್ ಅನ್‌ಲೈಕ್ಲಿ ಟುಡೇ’ ಅಂತ ಈಸ್ ಇಲ್ಲದೆ ಬರೋದು ಪೇಪರ್ ಹೆಡ್‌ಲೈನ್‌ನಲ್ಲಿ, ಬುಲೆಟಿನ್‌ನಲ್ಲಿ ಮಾತ್ರ, ಪರೀಕ್ಷೆಯಲ್ಲಿ ಬೇಡ. ಅನ್‌ಲೈಕ್ ಅನ್ನೋದು ಬೇರೆನೇ ಪದ, ‘ಅವರ ಥರ ಅಲ್ಲದೆ’ ಅಂತ.

ಆಫೀಸ್ ಮೇಲ್‌ಗಳಲ್ಲಿ ಇದರ ಬಣ್ಣ ಸ್ವಲ್ಪ ಬದಲಾಗ್ತದೆ. ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಅನ್‌ಲೈಕ್ಲಿ ಅಂತ ಉತ್ತರ ಬಂದ್ರೆ ಅಲ್ಲಿ ಶೇ 20ರ ಲೆಕ್ಕ ಹುಡುಕಬಾರದು, ಇಂಗ್ಲಿಷ್‌ನವರು ಮುಖದ ಮೇಲೆ ಇಲ್ಲ ಅನ್ನೋ ಬದಲು ಹಿಂಗೆ ಹೇಳ್ತಾರೆ, ನಮ್ಮಲ್ಲಿ ‘ನೋಡೋಣ ಬಿಡ್ರಿ’ ಅಂತಾರಲ್ಲ, ಅದು. ಬೇರೆ ಕಡೆಯೂ ಪ್ರಯತ್ನ ಮುಂದುವರಿಸೋದು ಒಳ್ಳೇದು.

ಆಗಿ ಹೋಗಿದ್ದಕ್ಕೂ ಅನ್‌ಲೈಕ್ಲಿ ಅಂತಾರೆ

ಇದಕ್ಕೆ ಇನ್ನೊಂದು ಅರ್ಥ ಇದೆ, ನನಗೆ ತುಂಬಾ ಇಷ್ಟ ಆಗೋದು ಇದು. ನಾಮಪದಕ್ಕಿಂತ ಮೊದಲು ನೇರವಾಗಿ ಬಂದಾಗ, ‘ಆನ್ ಅನ್‌ಲೈಕ್ಲಿ ಹೀರೋ’ ಅಂದಾಗ, ಸಾಧ್ಯತೆಯ ಮಾತೇ ಅಲ್ಲ. ಆಗಬೇಕಾದ್ದು ಆಗಿ ಹೋಗಿದೆ, ಆದ್ರೆ ನೋಡಿದವರು ಯಾರೂ ಅವರಿಂದ ಅದನ್ನ ನಿರೀಕ್ಷೆ ಮಾಡಿರ್ಲಿಲ್ಲ ಅಂತ. ಇದಕ್ಕೆ ಚಿತ್ರದುರ್ಗದ ಕೋಟೆಗಿಂತ ಒಳ್ಳೇ ಉದಾಹರಣೆ ಬೇಕಾ? ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಿ ಬರೋವಾಗ ಎದುರು ನಿಂತಿದ್ದು ದಂಡನಾಯಕ ಅಲ್ಲ, ಕತ್ತಿ ಹಿಡಿದು ಪಳಗಿದವನೂ ಅಲ್ಲ, ಊಟಕ್ಕೆ ಕೂತಿದ್ದ ಕಾವಲುಗಾರನ ಹೆಂಡತಿ ಓಬವ್ವ, ಕೈಯಲ್ಲಿ ಒನಕೆ. ಇಂಗ್ಲಿಷ್‌ನಲ್ಲಿ ಅವಳ ಕಥೆ ಬರೆಯೋರು ಅನ್‌ಲೈಕ್ಲಿ ಹೀರೋ ಅಂತ ಬರೆದ್ರೆ ಅದನ್ನ ‘ಅಸಂಭವ ನಾಯಕಿ’ ಅಂತ ಕನ್ನಡಕ್ಕೆ ತಂದ್ರೆ ಅರ್ಥನೇ ಕೆಡ್ತದೆ, ‘ಯಾರೂ ಊಹಿಸದಿದ್ದ ವೀರೆ’ ಅಂತ ಬರೀಬೇಕು.

ಅಕ್ಕಪಕ್ಕದ ಪದಗಳು

ಇಂಪಾಸಿಬಲ್ ಅಂದ್ರೆ ಸಾಧ್ಯನೇ ಇಲ್ಲ, ಸೊನ್ನೆ. ಇಂಪ್ರಾಬಬಲ್ ಅನ್ನೋದು ಅನ್‌ಲೈಕ್ಲಿಗೆ ತೀರಾ ಹತ್ತಿರ, ಸ್ವಲ್ಪ ಪುಸ್ತಕದ ಭಾಷೆ, ನಂಬೋಕೆ ಕಷ್ಟ ಅನ್ನೋ ವಾಸನೆ ಅದಕ್ಕೆ ಜಾಸ್ತಿ. ಡೌಟ್‌ಫುಲ್ ಅಂದ್ರೆ ಹೇಳೋರಿಗೇ ಅನುಮಾನ. ರೇರ್ ಅಂದ್ರೆ ಆಗೋದು ನಿಜ, ಆದ್ರೆ ಅಪರೂಪಕ್ಕೆ.

‘ಎ ಲೈಕ್ಲಿ ಸ್ಟೋರಿ’ ಅಂತ ಯಾರಾದ್ರೂ ಅಂದ್ರೆ ಮೋಸ ಹೋಗಬೇಡಿ, ಅದು ಉಲ್ಟಾ, ‘ಓಹೋ, ನಂಬಿದ್ವಿ ಬಿಡಪ್ಪ’ ಅಂತ. ಕೋರ್ಟು, ಬ್ಯಾಂಕು, ಸರ್ಕಾರಿ ವರದಿಗಳಲ್ಲಿ ‘ನಾಟ್ ಅನ್‌ಲೈಕ್ಲಿ’ ಅಂತ ಬರ್ತದೆ, ಎರಡು ಇಲ್ಲಗಳು ಸೇರಿ ಪೂರ್ತಿ ಹೌದು ಆಗಿಲ್ಲ, ‘ಆಗಲ್ಲ ಅಂತ ಹೇಳೋಕಾಗಲ್ಲ, ಆದ್ರೂ ಆದೀತು’ ಅಂತ ಓದ್ಕೋಬೇಕು.